ನಾಳೆ ಡಾಕ್ಟರು

ಚುಚ್ಚಿದ ಬೆರಳನ್ನು ಡಾಕ್ಟರಮ್ಮ ಬಿಡುತ್ತಿರಲಿಲ್ಲ. ರಕ್ತದ ಹನಿ ಪರೀಕ್ಷೆಯ ಪಟ್ಟಿಗೆ ಇಳಿದು, ಪಟ್ಟಿ ತನ್ನ ತೀರ್ಪನ್ನು ಯೋಚಿಸುತ್ತ ಮೇಜಿನ ಮೇಲೆ ಮಲಗಿರುವಷ್ಟು ಹೊತ್ತೂ ಹತ್ತಿಯೊತ್ತಿದ ಆ ಬೆರಳು ಅವರ ಮುಷ್ಟಿಯೊಳಗೇ ಇರುತ್ತಿತ್ತು. ಅದು ಇಟ್ಟಿಗೆ ಹೊರುವವನದಾಗಲಿ, ಹಸುಗೂಸಿನದಾಗಲಿ, ಒಮ್ಮೆ ನೆಗಡಿಜ್ವರಕ್ಕೇ ಉಯಿಲು ಬರೆಯುವವನಂತೆ ಕೂತಿದ್ದ ನನ್ನದಾಗಲಿ. ಕರುಣೆಯ ಹಿಡಿತವೆಂದು ನಾನು ಭಾವುಕನಾದಾಗ ನಕ್ಕುಬಿಟ್ಟಿದ್ದರು: "ಕರುಣೆ ಎಲ್ಲಿ ಬಂತಪ್ಪ? ಬಿಟ್ರೆ ಎದ್ದು ಹೋಗ್ತಾರೆ."

ನಾನು ಆ ಪಟ್ಟಿಗಳನ್ನು ಮಾರುವ ಕಂಪನಿಯ ಸಂಬಳದಾಳು. ಬೆನ್ನಿಗೆ ಚೀಲ, ಕೊರಳಿಗೆ ಟೈ, ಬಾಯಿಗೆ ಉರುಹೊಡೆದ ಭಾಷಣ. ಮೂರರಲ್ಲಿ ಯಾವುದೂ ನನ್ನದಲ್ಲ. ಭಾಷಣದ ಸಾರ ಇಷ್ಟು: ಬ್ಯಾಕ್ಟೀರಿಯಾದಿಂದ ಬಂದ ಜ್ವರಕ್ಕೆ ಆ್ಯಂಟಿಬಯಾಟಿಕ್ ಮಾತ್ರೆ ಬೇಕು, ವೈರಸ್ಸಿನ ಜ್ವರಕ್ಕೆ ಅದು ದಂಡ, ಹೊರಗಿನಿಂದ ಎರಡೂ ಒಂದೇ ಥರ ಸುಡುತ್ತವೆ. ಆದರೆ ಬ್ಯಾಕ್ಟೀರಿಯಾ ಒಳಹೊಕ್ಕಾಗ ಯಕೃತ್ತು ಒಂದು ಪ್ರೋಟೀನನ್ನು ರಕ್ತಕ್ಕೆ ಹೇರಳವಾಗಿ ಸುರಿಯುತ್ತದೆ. ಅದು ಏರಿದ್ದರೆ ಪಟ್ಟಿಯಲ್ಲಿ ಎರಡು ಗೀಟು, ಇಲ್ಲವಾದರೆ ಒಂದೇ. "ಲ್ಯಾಬು ಬೇಡ, ಕರೆಂಟು ಬೇಡ, ಒಂದು ಹನಿ ಸಾಕು ಮೇಡಂ" ಎಂದು ನಾನು ಉಸಿರು ಬಿಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಬೆಳಿಗ್ಗೆ ಬಂದ ಜ್ವರಾನ ಮಧ್ಯಾಹ್ನ ನೋಡಿದ್ರೆ?"

ನನ್ನ ಭಾಷಣದಲ್ಲಿ ಮಧ್ಯಾಹ್ನವೇ ಇರಲಿಲ್ಲ. "ರಕ್ತಕ್ಕೂ ಸುದ್ದಿ ಮುಟ್ಟೋಕೆ ಹೊತ್ತು ಬೇಕಲ್ಲಪ್ಪ" ಎಂದು ಅವರೇ ಉತ್ತರಿಸಿ ಪಟ್ಟಿಗಳನ್ನು ತೆಗೆದುಕೊಂಡರು.

ಊರ ಹೊರಗೆ, ಇಟ್ಟಿಗೆ ಗೂಡುಗಳ ಹೊಗೆ ನೇರವಾಗಿ ಬಂದು ಮುಟ್ಟುವ ತಗಡಿನ ಸೂರಿನ ಎರಡು ಕೋಣೆಗಳೇ ಅವರ ಆಸ್ಪತ್ರೆ. ಹಿಮ್ಮಡಿ ತುಳಿದು ತುಳಿದು ಚಪ್ಪಟೆಯಾದ ಚಪ್ಪಲಿಯ ಪಟಪಟ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಲಿಗೆ ಸಾಲೇ ಎದ್ದು ನಿಲ್ಲುತ್ತಿತ್ತು. ಬಿಳಿಯ ಕೋಟಿನ ಬಲಜೇಬನ್ನು ಅವರು ಸೂಜಿದಾರದಿಂದ ಹೊಲಿದು ಮುಚ್ಚಿಕೊಂಡಿದ್ದರು. ಮೊದಲು ಅದರಲ್ಲಿ ಮಾತ್ರೆಗಳಿರುತ್ತಿದ್ದವಂತೆ. ಯಾವ ತಾಯಿ ಅತ್ತರೂ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತಂತೆ. ನಗರದ ದೊಡ್ಡಾಸ್ಪತ್ರೆಯಲ್ಲಿ ಯಾವ ಮಾತ್ರೆಗೂ ಜಗ್ಗದ ಸೋಂಕಿನಿಂದ ಯುವಕರು ಸಾಯುವುದನ್ನು ಕಂಡು ಬಂದವರು ಅವರು. "ಮಾತ್ರೆ ಅಂದ್ರೆ ಚಾಕು ಇದ್ದಂಗೆ. ಅದನ್ನ ಹಿಡಿದು ಕಲ್ಲು ಕೊಯ್ತಾ ಕೂತ್ರೆ, ಆಮೇಲೆ ಕೊಯ್ಯಬೇಕಾದ್ದಕ್ಕೆ ಏನು ಮಾಡ್ತೀರಿ?" ಎಂಬುದು ಅವರ ಮಾತು. ಜ್ವರ ಹೊಸದಾಗಿದ್ದು, ಗೀಟು ಒಂದೇ ಬಂದರೆ, ಬರಿಗೈಯಲ್ಲಿ ಕಳಿಸುತ್ತಿದ್ದರು: "ನಾಳೆ ಬನ್ನಿ, ಇನ್ನೊಂದು ಹನಿ ನೋಡೋಣ." ಹಾಗಾಗಿ ಓಣಿಯ ಬಾಯಲ್ಲಿ ಅವರು ನಾಳೆ ಡಾಕ್ಟರು.

"ಮೆಡಿಕಲ್ ಶಾಪಿನೋನು ಕೇಳಿದ ತಕ್ಷಣ ಕೊಡ್ತಾನೆ, ನೀವು ನಾಳೆ ಅಂತೀರ. ಓದಿರೋದು ನೀವಾ, ಅವನಾ?" ಎಂದು ಗೂಡಿನ ಮೇಸ್ತ್ರಿ ಒಮ್ಮೆ ಚುಚ್ಚಿದ.

"ಓದಿರೋದು ನಾನೇ ಕಣಪ್ಪ. ಅದಕ್ಕೇ ನಿಧಾನ."

ಸಾಲು ಗೊಳ್ಳೆಂದು ನಕ್ಕಿತು, ಮೇಸ್ತ್ರಿಯೂ ನಕ್ಕ. ಆದರೆ ನೋಡುನೋಡುತ್ತ ಓಣಿ ತಾನೇ ಪಟ್ಟಿ ಓದುವುದನ್ನು ಕಲಿತುಬಿಟ್ಟಿತು. ಎರಡು ಗೀಟೆಂದರೆ ಕಾಯಿಲೆ, ಒಂದೆಂದರೆ ಪಾಸು! ಬಾಗಿಲಾಚೆ ಬಂದವರು "ಒಂದೇ" ಎಂದು ಬೆರಳೆತ್ತಿ ತೋರಿಸಿದರೆ ಸಾಲಿನವರು ಪರೀಕ್ಷೆ ಗೆದ್ದವರನ್ನು ಕಂಡಂತೆ ಹಿಗ್ಗುತ್ತಿದ್ದರು.

ಇಟ್ಟಿಗೆ ಜೋಡಿಸುವ ಹೆಂಗಸೊಬ್ಬಳು ಮಗಳನ್ನು ಎತ್ತಿಕೊಂಡು ಬಂದ ದಿನ ನಾನು ಮೂಲೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದೆ. ಅಂದು ಬೆಳಿಗ್ಗೆಯಷ್ಟೇ ಬಂದ ಜ್ವರ. ಡಾಕ್ಟರಮ್ಮ ಕುತ್ತಿಗೆ ಬಾಗಿಸಿ ನೋಡಿದರು, ಎದೆಗೆ ಕಿವಿಕೊಟ್ಟರು, ಉಸಿರೆಣಿಸಿದರು. ಕೆಟ್ಟ ಲಕ್ಷಣ ಒಂದೂ ಇರಲಿಲ್ಲ. ಪಟ್ಟಿಯಲ್ಲಿ ಒಂದೇ ಗೀಟು.

"ಇದನ್ನ ನಂಬ್ಕೋಬೇಡಮ್ಮ. ಇವತ್ತಿಗೆ ಇದಕ್ಕೇ ಏನೂ ಗೊತ್ತಿಲ್ಲ. ನಾಳೆ ಕರ್ಕೊಂಡು ಬರ್ಲೇಬೇಕು, ತಿಳೀತಾ?"

"ಹೂಂ ಡಾಕ್ಟ್ರಮ್ಮ" ಎಂದವಳು, ಹೊಸ್ತಿಲು ದಾಟುತ್ತಲೇ ಸಾಲಿನತ್ತ ಒಂದು ಬೆರಳೆತ್ತಿ ನಕ್ಕಳು.

ಮರುದಿನ ಗೂಡಿಗೆ ಬೆಂಕಿ ಕೊಡುವ ದಿನ. ಕೆಲಸ ತಪ್ಪಿಸಿದವರ ಜಾಗಕ್ಕೆ ಬೇರೆಯವರು ಬಂದು ನಿಲ್ಲುವ ದಿನ. ಹೇಗೂ ಗೀಟು ಒಂದೇ ಇತ್ತಲ್ಲ, ಅವಳು ಬರಲಿಲ್ಲ. ಸಂಜೆಯವರೆಗೂ ಬಾಗಿಲು ನೋಡಿದ ಡಾಕ್ಟರಮ್ಮ, ಕೊನೆಗೆ ಗೂಡಿನ ಕೂಲಿಗಳ ಶೆಡ್ಡುಗಳ ಸಾಲಿನಲ್ಲಿ ಕೇಳುತ್ತ ಹೋದರಂತೆ. ಯಾವ ಮಗು, ಯಾರ ಮಗು? ಎಲ್ಲ ಶೆಡ್ಡಿನಲ್ಲೂ ಜ್ವರದ ಮಗುವೊಂದಿತ್ತು, ಆ ಮಗು ಮಾತ್ರ ಸಿಗಲಿಲ್ಲ. ಅದರ ಮಾರನೆಯ ದಿನ ತಾಯಿಯೇ ಓಡಿಬಂದಳು; ಹೆಗಲ ಮೇಲಿನ ಮಗಳ ಕುತ್ತಿಗೆ ಸೆಟೆದು, ಕಣ್ಣು ಮೇಲಾಗಿತ್ತು. ಕೈಗೆ ಸಿಕ್ಕ ಇಂಜೆಕ್ಷನ್ ಕೊಟ್ಟು, ಸಿಕ್ಕ ಆಟೋದಲ್ಲಿ ಡಾಕ್ಟರಮ್ಮನೇ ಕೂತು ಹೊರಟರು. ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ಮಗು ಹೋಯಿತು.

ಆ ತಾಯಿ ಬೈಯಲಿಲ್ಲ. "ಒಂದೇ ಗೀಟಿತ್ತಲ್ಲ ಡಾಕ್ಟ್ರಮ್ಮ" ಎಂದಳಂತೆ, ನಿಜವಾಗಿಯೂ ಅರ್ಥವಾಗದೆ ಕೇಳುವವಳಂತೆ.

ಆಮೇಲೆ ನಾನು ಹೋದಾಗ ಸಾಲು ಓಣಿಯ ತಿರುವನ್ನೂ ದಾಟಿತ್ತು. ಬಂದವರಿಗೆಲ್ಲ ಆ್ಯಂಟಿಬಯಾಟಿಕ್, ನೆಗಡಿಗೂ, ಕೆಮ್ಮಿಗೂ. "ಈಗ ಬುದ್ಧಿ ಬಂತು ನೋಡಿ ನಮ್ಮ ಡಾಕ್ಟ್ರಿಗೆ" ಎಂದು ಮೇಸ್ತ್ರಿ ಹೆಮ್ಮೆಯಿಂದ ನನಗೇ ಹೇಳಿದ. ಪಟ್ಟಿಗಳ ಪೆಟ್ಟಿಗೆ ಕಿಟಕಿಯ ಬಿಸಿಲಿನಲ್ಲಿ ಬಿದ್ದಿತ್ತು.

"ಪಟ್ಟಿ ಮೋಸ ಮಾಡ್ತಾ ಮೇಡಂ?" ಎಂದು ತೊದಲಿದೆ.

"ಇಲ್ಲಪ್ಪ, ಅದು ಸುಳ್ಳು ಹೇಳ್ಲಿಲ್ಲ. ಇವರ ಹತ್ರ ನಾಳೆ ಅನ್ನೋದೊಂದು ಇರುತ್ತೆ ಅಂತ ನಾನೇ ಅಂದ್ಕೊಂಡಿದ್ದೆ."

ಅವರದೇ ಚಾಕುವಿನ ಮಾತನ್ನು ಅವರಿಗೇ ಒಪ್ಪಿಸಿದೆ. ಉರುಹೊಡೆದದ್ದನ್ನು ಒಪ್ಪಿಸುವುದೊಂದೇ ತಾನೆ ನನಗೆ ಬರುವ ವಿದ್ಯೆ? ಹೀಗೆ ಕೊಡುತ್ತ ಹೋದರೆ ಮಾತ್ರೆ ಮೊಂಡಾಗುವುದಿಲ್ಲವೇ ಎಂದೆ.

"ಆಗುತ್ತೆ" ಎಂದರು, ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತದೆ. "ಯಾರಪ್ಪ ಮುಂದಿನೋರು? ಬನ್ನಿ."

ಇನ್ನೂ ಹುಟ್ಟದ ರೋಗಿಗಳ ಪರವಾಗಿ ಎದುರು ಕೂತ ರೋಗಿಯೊಡನೆ ಜಗಳಕ್ಕಿಳಿಯುವ ಜನ ಅಪರೂಪಕ್ಕೆ ಹುಟ್ಟುತ್ತಾರೆ. ಅವರನ್ನು ಹರಸಬೇಕಾದವರು ಎಲ್ಲೋ ಭವಿಷ್ಯದಲ್ಲಿದ್ದಾರೆ. ಶಪಿಸುವವರು ಮಾತ್ರ ಬಾಗಿಲಲ್ಲೇ ನಿಂತಿರುತ್ತಾರೆ. ಕಲ್ಲೆದೆಯವರಾದರೆ ಈ ಜಗಳವನ್ನು ಗೆದ್ದಾರು, ಆದರೆ ಕಲ್ಲೆದೆಯವರು ಇದಕ್ಕೆ ಇಳಿಯುವುದೇ ಇಲ್ಲ. ಇಳಿಯುವವರು ಮೆದು ಜನ. ಅವರನ್ನು ಮುರಿಯಲು ಒಂದು ಮಗುವಿನ ಮುಖ ಸಾಕು. ಮುರಿದ ಮೇಲೆ ಅವರು ಎಲ್ಲರಂತಾಗುತ್ತಾರೆ, ಅಂದಿನಿಂದ ಎಲ್ಲರೂ ಅವರನ್ನು ಒಳ್ಳೆಯವರೆಂದು ಕರೆಯತೊಡಗುತ್ತಾರೆ.