ಅಕ್ಕಿಕಾಳಿನಷ್ಟು ಹೊಸ್ತಿಲು

ಕಾರು ಮಾರಿದ ಮೇಲೆ ಒಂದು ವರ್ಷ ಆ ಶೆಡ್ಡು ಖಾಲಿಯಾಗಿಯೇ ಇತ್ತು. ಖಾಲಿ ಎಂದರೆ ಕಾಲು ಮುರಿದ ಕುರ್ಚಿಗಳು, ಹಳೆಯ ಪತ್ರಿಕೆಗಳ ಕಟ್ಟು, ಒಂದು ಮೂಟೆ ತೆಂಗಿನಕಾಯಿ ಎಲ್ಲ ಇದ್ದವು. ಮನುಷ್ಯರ ಉಸಿರಿರಲಿಲ್ಲ, ಅಷ್ಟೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಆ ಕಾರಿನಲ್ಲಿ ಹೋಗಬೇಕಾದ ಊರುಗಳೂ ಕಡಿಮೆಯಾಗಿದ್ದವು.

ಈ ವರ್ಷ ಫೆಬ್ರವರಿಯಲ್ಲಿ ನನ್ನ ಅಕ್ಕ ಚಿಕ್ಕಬೋರಮ್ಮ ಕಿರಂಗೂರಿನಲ್ಲಿ, ತನ್ನ ಮನೆಯ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೈಸೂರಿನಲ್ಲಿ ಆಪರೇಷನ್ ಆಯಿತು. ಆರು ತಿಂಗಳು ಮೆಟ್ಟಿಲು ಹತ್ತಬಾರದು, ನೆಲದ ಮೇಲೆ ಕೂರಬಾರದು, ಬಗ್ಗಬಾರದು, ಆದರೆ ದಿನವೂ ನಡೆಯಬೇಕು ಎಂದರು ಡಾಕ್ಟರು. ನಡೆಯದೆ ಮಲಗಿಬಿಟ್ಟರೆ ಮತ್ತೆ ಏಳುವುದು ಕಷ್ಟವೆಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಕಿರಂಗೂರಿನ ಮನೆಗೆ ಐದು ಕಲ್ಲಿನ ಮೆಟ್ಟಿಲು, ಬಚ್ಚಲು ಹಿತ್ತಲಿನ ಕೊನೆಯಲ್ಲಿ. ಶ್ರೀರಂಗಪಟ್ಟಣದ ನಮ್ಮ ಮನೆಗೋ, ಕಾವೇರಿಯ ನೆರೆಗೆ ಹೆದರಿ ಅಡಿಪಾಯ ಎತ್ತರಿಸಿದ್ದರಿಂದ, ಏಳು ಮೆಟ್ಟಿಲು. ಬೀದಿಯ ಮಟ್ಟಕ್ಕೆ ಇದ್ದದ್ದು ಶೆಡ್ಡೊಂದೇ.

“ಮಾವ, ಶೆಡ್ಡನ್ನೇ ರೂಮು ಮಾಡಿದ್ರೆ ಹೆಂಗೆ?” ಎಂದಳು ಸೊಸೆ ಪ್ರಮೀಳಾ, ಒಗ್ಗರಣೆಯ ಸೌಟಿನಿಂದ ತಲೆಯೆತ್ತದೆ. ಆ ಮಾತು ನನ್ನ ಬಾಯಿಂದ ಬರಬೇಕಿತ್ತು. ಬರದಿದ್ದುದಕ್ಕೆ ನಾಚಿದೆ, ಅವಳಿಂದ ಬಂತಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಏಕೆಂದರೆ ಅಕ್ಕನಿಗೂ ನನಗೂ ಹದಿಮೂರು ವರ್ಷದ ಅಂತರ. ಅವ್ವ ಹೋದಾಗ ನನಗೆ ಆರು. ಮದುವೆಯಾಗಿ ವರ್ಷ ತುಂಬದ ಅಕ್ಕ ನನ್ನ ಕೈಹಿಡಿದು ತನ್ನ ಗಂಡನ ಮನೆಗೆ ಕರೆದೊಯ್ದಳು. ಹನ್ನೆರಡು ಜನರಿದ್ದ ಮನೆ. ಕೂತು ಓದಲು ಒಂದು ಮೂಲೆಯಿರಲಿಲ್ಲ. ಭಾವ ಕೊಟ್ಟಿಗೆಯ ಒಂದು ಅಂಕಣಕ್ಕೆ ಮಣ್ಣಿನ ಗೋಡೆ ಎತ್ತಿ, ಗೂಟಗಳನ್ನು ಕಿತ್ತು, ನೆಲ ಸಾರಿಸಿ ನನಗೊಂದು ಕೋಣೆ ಮಾಡಿಕೊಟ್ಟರು. ಗೋಡೆಯಾಚೆ ಎಮ್ಮೆ ಮೆಲುಕು ಹಾಕುವ ಸದ್ದಿನೊಂದಿಗೆ ನಾನು ಕವಿತೆಗಳನ್ನು ಬಾಯಿಪಾಠ ಮಾಡಿದೆ. ಇಂದಿಗೂ ಕೆಲವು ಸಾಲುಗಳು ನನಗೆ ಆ ಲಯದಲ್ಲಿಯೇ ನೆನಪಾಗುತ್ತವೆ.

ಕೆಲಸ ಶುರುವಾಯಿತು. ಕಾರು ತೊಳೆದ ನೀರು ಹರಿದುಹೋಗಲೆಂದು ನೆಲಕ್ಕೆ ಬೀದಿಯ ಕಡೆ ವಾಟ ಕೊಟ್ಟಿದ್ದರು. ಹಾಗೇ ಬಿಟ್ಟರೆ ಮಂಚವೇ ರಾತ್ರಿ ಎದ್ದು ಬೀದಿಗೆ ಹೊರಟೀತು ಎಂದು ಮೇಸ್ತ್ರಿ ನಕ್ಕು, ನೆಲವನ್ನು ಸಮ ಮಾಡಿದ. ಶಟರನ್ನು ಬಿಚ್ಚಿ ಅಲ್ಲಿ ಗೋಡೆ ಬಂತು. ಮೂಲೆಯಲ್ಲಿ ಕೈಹಿಡಿಯ ಕಂಬಿಗಳಿರುವ ಬಚ್ಚಲು ಬಂತು. ಪೂರ್ವಕ್ಕೆ ಒಂದು ಕಿಟಕಿ ಒಡೆಸಿದೆ. ಮನೆಗಳ ತಾರಸಿಗಳ ನಡುವೆ ಕರಿಘಟ್ಟದ ಬೆಟ್ಟದ ನೆತ್ತಿ ಒಂದು ಅಂಗೈಯಗಲ ಕಾಣುತ್ತದೆ.

ಬಾಗಿಲಿಗೆ ಪಾಂಡವಪುರದ ಲಕ್ಷ್ಮಣಾಚಾರ್ರನ್ನು ಕರೆಸಿದೆ. ನಮ್ಮ ಮನೆಯ ಮರಗೆಲಸವೆಲ್ಲ ಅವರದೇ.

“ಆಚಾರ್ರೇ, ಹೊಸ್ತಿಲು ಬೇಡ. ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಮೂರೇ ಪಟ್ಟಿಯ ಚೌಕಟ್ಟು ಸಾಕು. ಅಕ್ಕನ ಚಕ್ರದ ವಾಕರು ತಡೆಯಿಲ್ಲದೆ ಒಳಗೆ ಹೋಗಬೇಕು.”

ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು ನನ್ನನ್ನೇ ನೋಡಿದರು. “ಒಸ್ಲಿಲ್ದಂಗಾ? ಅದು ಬಚ್ಚಲು ಬಾಗ್ಲಾಯ್ತದೆ ಮೇಷ್ಟ್ರೇ.”

“ಕಾಲ ಬದಲಾಗಿದೆ.”

“ಕಾಲ ಬದಲಾಗ್ಯದೆ, ಸರಿ. ನಿಮ್ಮಕ್ಕಾವ್ರನ್ನ ಒಂದ್ಮಾತು ಕೇಳುದ್ರಾ?”

ಕೇಳಿರಲಿಲ್ಲ. ಹೊಸ್ತಿಲಿನ ವಿಷಯದಲ್ಲಿ ನನಗೆ ಹೇಳಿಕೊಡುವವರು ಯಾರೆಂಬ ಜಂಬವೂ ಇತ್ತೇನೋ. ನಮ್ಮ ಕಾಲದ ಕವಿತೆಗಳಲ್ಲಿ ಹೊಸ್ತಿಲ ಮೇಲೆ ನಿಂತು ಒಳಗೋ ಹೊರಗೋ ಎಂದು ತೊಳಲದವರೇ ಅಪರೂಪ. ಆ ರೂಪಕವನ್ನು ಕಾಲೇಜಿನಲ್ಲಿ ಮೂವತ್ತು ವರ್ಷ ಎಳೆಎಳೆಯಾಗಿ ಬಿಡಿಸಿದ್ದೇನೆ. ಆ ಹೊಸ್ತಿಲನ್ನು ಬೆಳಗಾದರೆ ಯಾರೋ ತೊಳೆಯುತ್ತಾರೆ ಎಂಬ ಮಾತು ಮಾತ್ರ ನನ್ನ ಪಾಠದಲ್ಲಿ ಎಂದೂ ಬಂದಿರಲಿಲ್ಲ.

ಅಕ್ಕ ಆಸ್ಪತ್ರೆಯಿಂದ ಬಂದದ್ದು ಒಂದು ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ. ಅವಳ ಮಗ ಬೋರಯ್ಯ ಅವಳನ್ನು ಕಾರಿನಿಂದ ಇಳಿಸಿ, ವಾಕರು ಕೈಗೆ ಕೊಟ್ಟು, ಹಾಲಿನ ಡೈರಿಯ ಮೀಟಿಂಗಿಗೆ ಹೊರಟ. ಅಕ್ಕ ನಾಲ್ಕು ಹೆಜ್ಜೆ ನಡೆದು ಬಾಗಿಲ ಮುಂದೆ ನಿಂತಳು. ಹೊಸ ಬಣ್ಣವನ್ನು ನೋಡಲಿಲ್ಲ, ಕಿಟಕಿಯನ್ನು ನೋಡಲಿಲ್ಲ. ಅವಳ ಕಣ್ಣು ನೆಲದಲ್ಲಿತ್ತು.

“ಒಸ್ಲೆಲ್ಲಿ ಮಗ?”

“ನಿನ್ನ ಕಾಲಿಗೆ ತಡೆಯಾಗುತ್ತದೆಂದು ಇಡಿಸಲಿಲ್ಲ ಅಕ್ಕ.”

“ಬಚ್ಚಲಿಗೆ ಒಸ್ಲಿರಾಕಿಲ್ಲ. ಕೊಟ್ಟಿಗೆಗೆ ಇರಾಕಿಲ್ಲ. ಇದ್ಯಾವುದ್ಲಾ ಇದು?” ಎಂದವಳು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. “ನಿನ್ನ ಕೊಟ್ಟಿಗೇಲಿ ಓದಿಸ್ದೆ ಅಂತ ನನ್ನ ಸೆಡ್ಡಲ್ಲಿ ಮಲಗುಸ್ತೀಯಾ? ಲೆಕ್ಕ ಸರೋಯ್ತು ಬುಡು.”

ನಗುತ್ತಲೇ ಹೇಳಿದಳು. ಆದರೆ ಒಳಗೆ ಕಾಲಿಡಲಿಲ್ಲ. ಪ್ರಮೀಳಾ ನುಗ್ಗೆಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಅಕ್ಕ ಕೂತು, ಬೋರಯ್ಯನಿಗೆ ಫೋನು ಮಾಡು, ಕಿರಂಗೂರಿಗೆ ಹೋಗುತ್ತೇನೆ ಎಂದಳು.

“ದೊಡ್ಡತ್ತೆ, ಅಲ್ಲಿ ಐದು ಮೆಟ್ಲು,” ಎಂದಳು ಪ್ರಮೀಳಾ.

“ಹೊತ್ಕೊಂಡೋಗಿ ಮಲಗುಸ್ಲಿ. ಮಲಗೇ ಇರ್ತೀನಿ.”

ಡಾಕ್ಟರು ಹೆದರಿದ್ದು ಆ ಮಾತಿಗೇ. ನಾನು ಅವಳ ಪಕ್ಕದಲ್ಲಿ ಕುಕ್ಕರಿಸಿದೆ. ಹೊಸ್ತಿಲೆಂಬುದು ಒಂದು ಮರದ ತುಂಡು, ಅದಿಲ್ಲದಿದ್ದರೆ ಏನಾಗುತ್ತದೆ ಎಂದು ಆದಷ್ಟು ಮೆತ್ತಗೆ ಕೇಳಿದೆ.

“ಏನಾದದು? ಏನೂ ಆಗಾಕಿಲ್ಲ,” ಎಂದಳು. “ಅರವತ್ತೈದು ವರ್ಷ ಆಯ್ತು. ಎದ್ದೇಟ್ಗೆ ಒಸ್ಲು ತೊಳುದು, ಎರಡೆಳೆ ಎಳುದು, ಒಂದು ಹೂವಿಟ್ಟು, ಆಮೇಲೆ ಮಿಕ್ಕಿದ್ದು. ಗಂಡ ಸತ್ತ ಮಾರ್ನೆ ದಿನಾನೂ ತೊಳ್ದೆ. ಒಸ್ಲೇ ಇಲ್ದಿದ್ಮೇಲೆ ಬೆಳಿಗ್ಗೆ ಯಾಕ್ಲಾ ಏಳ್ಬೇಕು ನಾನು?”

ಎದ್ದು ಹೋಗಿ ಲಕ್ಷ್ಮಣಾಚಾರ್ರಿಗೆ ಫೋನು ಮಾಡಿದೆ.

ಹನ್ನೆರಡಕ್ಕೆ ಅವರ ಮೊಪೆಡ್ಡು ಬಂತು. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಹಲಗೆ. ಹೊನ್ನೆ ಮರದ್ದು, ಅಳತೆಗೆ ಕುಯ್ದು, ನುಣುಪು ಮಾಡಿದ್ದು. ಚೌಕಟ್ಟಿನ ಜೊತೆಗೇ ಇದನ್ನೂ ಮಾಡಿಟ್ಟಿದ್ದರಂತೆ.

“ಆವತ್ತೇ ಹೇಳಬಾರದಿತ್ತೇ?” ಎಂದೆ.

“ಹೇಳ್ದೆನಲ್ಲ. ಓದಿರೋರ್ಗೆ ಎರಡ್ಸತಿ ಹೇಳಾಕೆ ಆಯ್ತದಾ?” ಎಂದು ಅಕ್ಕನ ಕಡೆ ತಿರುಗಿದರು. “ಏನವ್ವ, ನಿಮ್ ತಮ್ಮ ಇಸ್ಕೂಲಲ್ಲೂ ಇಂಗೇಯಾ?”

“ಬುಕ್ಕಲ್ಲಿದ್ರೆ ಗೊತ್ತಾಯ್ತದೆ ಅವನ್ಗೆ. ನೆಲದ ಮ್ಯಾಲಿರೋದು ಕಾಣಾಕಿಲ್ಲ,” ಎಂದಳು ಅಕ್ಕ. ಆ ದಿನ ಮೊದಲ ಸಲ ಅವಳ ಬೆನ್ನು ಕುರ್ಚಿಗೆ ಒರಗಿತು.

“ಆದರೆ ವಾಕರು?” ಎಂದೆ. “ಎತ್ತರವಾದರೆ ಎಡವುತ್ತಾಳೆ.”

ಆಚಾರ್ರು ಬಾಗಿಲ ಎರಡು ಕಾಲುಗಳ ನಡುವೆ ನೆಲಕ್ಕೆ ಗೆರೆ ಹಾಕಿ, ಮಿಷನ್ನಿನಿಂದ ಕುಯ್ದು, ಉಳಿ ಹಿಡಿದು ಹಳ್ಳ ತೋಡತೊಡಗಿದರು. ಹಲಗೆಯನ್ನು ಮೂರು ಸಲ ಇಳಿಸಿದರು, ಮೂರು ಸಲ ಎತ್ತಿದರು. ಪ್ರತಿ ಸಲವೂ ಅಂಗೈಯನ್ನು ಅಡ್ಡಕ್ಕೆ ಸವರಿ ತಲೆಯಾಡಿಸಿದರು. ನೆರಳಿನಿಂದ ಅಕ್ಕ, “ಎಡಗಡೆ ಎದ್ದದೆ ನೋಡಿ ಆಚಾರ್ರೇ,” ಎಂದು ಕೂಗುತ್ತಿದ್ದಳು. ನೋಡಿದರೆ ನಿಜಕ್ಕೂ ಎದ್ದಿರುತ್ತಿತ್ತು.

ಕೊನೆಯ ಸಲ ಇಳಿಸುವ ಮುನ್ನ ನವಧಾನ್ಯ ಕೇಳಿದರು. ಪ್ರಮೀಳಾ ತಟ್ಟೆಯಲ್ಲಿ ತಂದಳು. ನಾನೂ ಅವಳೂ ಎರಡು ಕಡೆ ಹಿಡಿದುಕೊಂಡು ಅಕ್ಕನನ್ನು ಬಾಗಿಲಿನವರೆಗೆ ನಡೆಸಿದೆವು. ಬಗ್ಗುವ ಹಾಗಿರಲಿಲ್ಲವಾದ್ದರಿಂದ ಅವಳು ನಿಂತೇ ಹಿಡಿಯಿಂದ ಧಾನ್ಯವನ್ನು ಕೆಳಗೆ ಬಿಟ್ಟಳು. ಕೆಲವು ಹೆಸರುಕಾಳು ಹಳ್ಳಕ್ಕೆ ಬೀಳದೆ ಕೋಣೆಯೊಳಕ್ಕೆ ಉರುಳಿದವು. “ನನ್ಗಿಂತ ಮೊದ್ಲೇ ಒಳೀಕೆ ಓದ್ವಲ್ಲ,” ಎಂದಳು.

ಹಲಗೆ ಕೂತಿತು. ಬೆರಳಾಡಿಸಿ ನೋಡಿದೆ. ನೆಲಕ್ಕೆ ಪೂರ್ತಿ ಸಮವಾಗಿರಲಿಲ್ಲ. ಉಗುರಿಗೆ ಸಿಕ್ಕುವಷ್ಟು ಎದ್ದಿತ್ತು.

“ಒಂದು ಅಕ್ಕಿಕಾಳಷ್ಟು ಮ್ಯಾಲಕ್ಕೆ ಬುಟ್ಟಿವ್ನಿ,” ಎಂದರು ಆಚಾರ್ರು. “ಚಕ್ರಕ್ಕೆ ಗೊತ್ತಾಗಬಾರದು, ಪಾದಕ್ಕೆ ಗೊತ್ತಾಗಬೇಕು.”

ಎಷ್ಟೋ ಪುಸ್ತಕಗಳಲ್ಲಿ ನಾನು ಹುಡುಕಿದ ಬಗೆಯ ಸಾಲು ಅದು. ಅವರೋ, ಹೇಳಿದ್ದನ್ನು ಅಲ್ಲೇ ಮರೆತವರಂತೆ ಉಳಿಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದರು.

ನಾಲ್ಕೂವರೆಗೆ ಅಕ್ಕ ಒಳಗೆ ಹೋದಳು. ವಾಕರನ್ನು ಮುಂದೆ ಉರುಳಿಸಿದಳು. ಅದು ಸಲೀಸಾಗಿ ದಾಟಿತು. ಆಮೇಲೆ ಬಲಗಾಲನ್ನು, ಆಪರೇಷನ್ ಆದ ಕಡೆಯ ಕಾಲನ್ನು, ಹಲಗೆಗೆ ತಾಕದಂತೆ ಎತ್ತಿ ಆಚೆ ಇಟ್ಟಳು. ದಿನಕ್ಕೆ ಹತ್ತು ಸಲ ಮೊಣಕಾಲೆತ್ತಿ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಮೂರು ವಾರ ಗೋಗರೆದಿದ್ದಳು. ಆಗ ಎತ್ತದಿದ್ದ ಕಾಲು. ಪ್ರಮೀಳಾ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮರುದಿನ ಬೆಳಿಗ್ಗೆ ಆರಕ್ಕೆ ಕೆಳಗಿಳಿದೆ. ಬಾಗಿಲು ತೆರೆದಿತ್ತು. ಅಕ್ಕ ಒಳಗೆ, ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಬಗ್ಗದೆ ತೊಳೆಯುವುದಕ್ಕೆ ಪ್ರಮೀಳಾ ಒಂದು ಕೋಲಿಗೆ ಒದ್ದೆ ಬಟ್ಟೆ ಕಟ್ಟಿಕೊಟ್ಟಿದ್ದಳು. ಎಳೆ ಎಳೆಯುವುದಕ್ಕೆ ಬಚ್ಚಲಿನ ಕೆಲಸದಲ್ಲಿ ಮಿಕ್ಕ ಸಣ್ಣ ಪೈಪು. ಮೇಲಿನ ತುದಿಯಿಂದ ರಂಗೋಲಿ ಪುಡಿ ಹೊಯ್ದರೆ ಕೆಳಗಿನ ತುದಿಯಿಂದ ಸಣ್ಣಗೆ ಇಳಿಯುತ್ತಿತ್ತು. ಹೊನ್ನೆಯ ಹಲಗೆಯ ಮೇಲೆ ಎರಡು ಎಳೆ, ಅಷ್ಟೇನೂ ನೆಟ್ಟಗಿರಲಿಲ್ಲ.

“ಪೈಪು ಮಾತು ಕೇಳಾಕಿಲ್ಲ,” ಎಂದಳು. “ನಾಳೀಕೆ ನೆಟ್ಟಗೆ ಬತ್ತದೆ.”

ನಾಳೆ ಎಂಬ ಆ ಪದ ಕಿವಿಗೆ ಬಿದ್ದದ್ದೇ, ಕಾಫಿಯ ಲೋಟ ಹಿಡಿದುಕೊಂಡೇ ಒಳಗೆ ನುಗ್ಗಿದೆ.

“ಲೇ, ಲೇ! ಒಸ್ಲು ತುಳೀತೀಯಲ್ಲೋ! ತಲೆ ನರೆತ್ರೂ ಕಲೀನಿಲ್ವಲ್ಲ. ಓಗು ಆಚೆ. ಸರ್ಯಾಗಿ ಬಾ.”

ನಾನು ಹಿಂದಕ್ಕೆ ಹೋದೆ. ಕಾಫಿ ಚೆಲ್ಲದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಆ ಅಕ್ಕಿಕಾಳಿನೆತ್ತರವನ್ನು ದಾಟಲು ಪಾದವನ್ನು ಮೊಣಕಾಲಿನವರೆಗೆ ಎತ್ತಿದೆ.

“ಅಂಗೆ,” ಎಂದಳು ಅಕ್ಕ. “ಈಗ ಬಾ ಒಳೀಕೆ.”