ಮೂವರಲ್ಲಿ ಇಬ್ಬರು

"ಆ ಏಪ್ರನ್ ಬಿಚ್ಚಮ್ಮ ವೀನಿ, ಬೇಗ. ಇನ್ನರ್ಧ ಗಂಟೆಗೆ ನೀನು ಡೈರೆಕ್ಟರು."

ವೆಟ್‌ಮೋರ್ ಸಾಹೇಬರು ಗಂಡಸರ ಕಕ್ಕಸಿನ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು. ನನ್ನ ಕೈ ಮೊಣಕೈವರೆಗೆ ಅವರದೇ ಕಮೋಡಿನೊಳಗಿತ್ತು.

"ಇದೊಂದು ಮುಗ್ಸಿ ಬತ್ತೀನಿ ಸಾರ್."

"ಮೀಟಿಂಗ್ ಆದ್ಮೇಲೆ ಮುಗಿಸು. ಕೈಗೆ ಚೆನ್ನಾಗಿ ಸೋಪು ಹಾಕ್ಕೊ. ಒಟ್ಟಾವಾದಿಂದ ಬಂದಿರೋ ಸರ್ಕಾರದ ಮೇಡಂ ಕೈ ಕುಲುಕ್ತಾರೆ."

ಹ್ಯಾಲಿಫ್ಯಾಕ್ಸಿನ ಈ ಉದ್ಯಮ ಕೇಂದ್ರದಲ್ಲಿ ನಾನು ನೆಲ ಒರೆಸಲು ಹಿಡಿದು ಒಂಬತ್ತು ವರ್ಷ. ಡೈರೆಕ್ಟರಾಗಿ ಒಂದು ತಿಂಗಳೂ ಆಗಿರಲಿಲ್ಲ. ಕಪ್ಪು ಜನರ ಸಣ್ಣಪುಟ್ಟ ವ್ಯಾಪಾರಕ್ಕೆ ಆಸರೆ ಕೊಡುವ ಲಾಭರಹಿತ ಸಂಸ್ಥೆಗಳಿಗೆ ಸರ್ಕಾರ ಹಣ ಕೊಡುತ್ತದೆಂದು ಸುದ್ದಿ ಬಂದಿತ್ತು. ಒಂದೇ ಷರತ್ತು, ಸಂಸ್ಥೆ ನಡೆಸುವ ಪ್ರತಿ ಮೂವರಲ್ಲಿ ಇಬ್ಬರಾದರೂ ಕಪ್ಪು ಜನರೇ ಆಗಿರಬೇಕು. ಕೇಂದ್ರದ ಡೈರೆಕ್ಟರುಗಳ ಮಂಡಳಿಯಲ್ಲಿದ್ದವರು ಹನ್ನೊಂದು ಜನ, ಹನ್ನೊಂದೂ ಬಿಳಿ. ವೆಟ್‌ಮೋರ್ ಸಾಹೇಬರು ಅದರ ಅಧ್ಯಕ್ಷರು, ಅವರ ತಲೆಯೇ ತಲೆ. ಹತ್ತು ಜನರಿಗೆ ಸಲಹೆಗಾರರು ಎಂದು ಹೆಸರಿಟ್ಟು ಪಕ್ಕದ ಕೋಣೆಗೆ ಕಳಿಸಿ ತಾವೊಬ್ಬರೇ ಉಳಿದರು. ಇನ್ನಿಬ್ಬರು ಕಪ್ಪು ಜನ ಬೇಕಿತ್ತು, ಎದುರಿಗೆ ಬಕೆಟ್ಟು ಹಿಡಿದು ನಾನಿದ್ದೆ.

"ಇನ್ನೊಬ್ಬರನ್ನ ನೀನೇ ಹುಡುಕು," ಅಂದಿದ್ದರು. "ನಿಮ್ಮೂರಲ್ಲಿ ಯಾರಾದ್ರೂ ವಯಸ್ಸಾದೋರು, ಲಕ್ಷಣವಾಗಿರೋರು. ಜಾಸ್ತಿ ಮಾತಾಡ್ಬಾರ್ದು ಅಷ್ಟೆ."

ನಾನು ಒಪ್ಪಿಸಿದ್ದು ಆರ್ಡಿತ್ ಅತ್ತೆಯನ್ನು. ಲಕ್ಷಣವೇನೋ ಇತ್ತು.

ನಮ್ಮೂರು ಸ್ಟೋನಿ ರಿಜ್. ಇನ್ನೂರು ವರ್ಷದ ಹಿಂದೆ ಬ್ರಿಟಿಷ್ ರಾಜನ ಆಳುಗಳು ನಮ್ಮ ಕಪ್ಪು ಹಿರಿಯರನ್ನು ಆ ಕಲ್ಲುಗುಡ್ಡದ ಮೇಲೆ ತಂದು ಬಿಟ್ಟು ಬದುಕಿಕೊಳ್ಳಿ ಅಂದರು. ಜಾಗದ ಕಾಗದ ಮಾತ್ರ ಕೊಡಲಿಲ್ಲ. ಅಲ್ಲಿಯ ಸಭಾಭವನದ ಅಡುಗೆಮನೆಯಲ್ಲಿ ಅತ್ತೆ ಮತ್ತೆ ಏಳೆಂಟು ಹೆಂಗಸರು ಸೇರಿ ಮೀನಿನ ವಡೆ, ಕಾಕಂಬಿ ಹಾಕಿದ ಕಂದು ಬ್ರೆಡ್ಡು ಮಾಡಿ ಶನಿವಾರದ ಸಂತೆಗೆ ಒಯ್ಯುತ್ತಿದ್ದರು. ಅದರಲ್ಲೇ ಅವರ ಮನೆಗಳು ನಡೆಯುತ್ತಿದ್ದವು. ಬೇಸಿಗೆಯಲ್ಲಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದು, ಹೊಗೆ ಕೊಳವೆ ಸರಿಯಿಲ್ಲ, ಚರಂಡಿ ಸರಿಯಿಲ್ಲ ಎಂದು ಅಡುಗೆ ನಿಲ್ಲಿಸಿ, ಬಾಗಿಲು ಮುಚ್ಚಿ ಕೆಂಪು ಪಟ್ಟಿ ಅಂಟಿಸಿ ಹೋದ. ಊರಿನ ಹೆಂಗಸರ ಸಂಘ ತಾನೇ ಆ ಸರ್ಕಾರಿ ಹಣಕ್ಕೆ ಅರ್ಜಿ ಹಾಕಿತು. ಸಂಘದಲ್ಲಿ ಹುಡುಕಿದರೂ ಒಬ್ಬಳೂ ಬಿಳಿಯಳಿಲ್ಲ. ಭವನದ ಜಾಗಕ್ಕೆ ನಿಮ್ಮ ಹಕ್ಕುಪತ್ರವಿಲ್ಲ, ಆದ್ದರಿಂದ ಅರ್ಹರಲ್ಲ ಎಂದು ಉತ್ತರ ಬಂತು.

"ಕಾಗ್ದ ಕೊಡ್ದೆ ಹೋದೋರೂ ಅವ್ರೇ, ತಗಂಬಾ ಅನ್ನೋರೂ ಅವ್ರೇ," ಅತ್ತೆ ಅವತ್ತು ಉಗಿದಿದ್ದಳು. "ಬೋಳಿಮಕ್ಳು. ನಮ್ಮಪ್ಪನ್ ಮೂಳೆ ಈ ಗುಡ್ದಲ್ಲೇ ಅವೆ. ಅಗ್ದು ತೋರ್ಸ್ಲಾ?"

ನಾನು ವೆಟ್‌ಮೋರ್ ಸಾಹೇಬರ ಮಾತು ತಂದು ಹೇಳಿದೆ. ಹಣ ಬಂದರೆ ನಮ್ಮ ಅಡುಗೆಮನೆ ರಿಪೇರಿ ಮಾಡಿಸಿ ಲೈಸೆನ್ಸು ಕೊಡಿಸುವುದು ಅವರ ಜವಾಬ್ದಾರಿ.

"ಅಂದ್ರೆ ನಮ್ ಮಕ ತೋರ್ಸಿ ದುಡ್ಡು ಎತ್ತಾನೆ."

"ಹೂಂ ಅತ್ತೆ."

"ಒಲೆ ಹಚ್ಚುಸ್ಕೊಡ್ತಾನಾ?"

"ಮಾತ್ ಕೊಟ್ಟವ್ರೆ."

"ಹಂಗಾದ್ರೆ ತೋರ್ಸ್ಕಳ್ಲಿ ಬಿಡು. ನನ್ ಮಕ ಏನ್ ಸವ್ದೋಯ್ತದಾ."

ಮೀಟಿಂಗಿಗೆ ಅತ್ತೆ ಭಾನುವಾರದ ಚರ್ಚಿನ ನೇರಳೆ ಟೋಪಿ ಇಟ್ಟುಕೊಂಡು ಬಂದಳು. ಫೋಟೋಕ್ಕೆ ಬೆಳಕು ಬೀಳಲೆಂದು ಅವಳನ್ನು ಕಿಟಕಿಯ ಪಕ್ಕ ಕೂರಿಸಿದರು. ಒಟ್ಟಾವಾದ ಅಧಿಕಾರಿ ಮಿಸ್ ಗಾಲ್ಟ್ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಪೆನ್ನೆತ್ತಿದಳು.

"ಇಬ್ಬರೂ ಆ ಸಮುದಾಯದವರೇ ಅಲ್ವಾ?"

"ಅಲ್ಲ ಕಣವ್ವಾ," ಅಂದಳು ಅತ್ತೆ. "ಒಲೆ ಮುಂದೆ ಕುಂತು ಕುಂತು ಮಸಿ ಹತ್ಕಂಡದೆ."

ವೆಟ್‌ಮೋರ್ ಸಾಹೇಬರು ಜೋರಾಗಿ ನಕ್ಕರು. ಆಮೇಲೆ ಗೋಡೆಯ ಮೇಲೆ ಹೊಸ ಅಡುಗೆಮನೆಯ ನಕ್ಷೆ ತೋರಿಸಿದರು. ಫಳಫಳ ಹೊಳೆಯುವ ಒಲೆಗಳು, ಆಳೆತ್ತರದ ಫ್ರಿಜ್ಜುಗಳು. ನನಗೆ ಖುಷಿಯೇ ಆಯಿತು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿದಳು.

"ಇಷ್ಟು ದೊಡ್ಡದು ನಮ್ ಗುಡ್ದಲ್ಲಿ ಎಲ್ಲಿ ಹಿಡಿಸ್ತದಪ್ಪಾ?"

"ಗುಡ್ಡದಲ್ಲಿ ಅಲ್ಲಮ್ಮ. ಇಲ್ಲೇ, ಕೆಳಗಿನ ಮಹಡಿಲಿ. ನಿಮ್ಮ ಹೆಂಗಸರು ಬಸ್ಸಲ್ಲಿ ಬಂದು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೋಬಹುದು."

"ಮತ್ತೆ ನಮ್ ಒಲೆ?"

"ಆ ಜಾಗಕ್ಕೆ ಹಕ್ಕುಪತ್ರ ಇಲ್ವಲ್ಲಮ್ಮ. ಅಲ್ಲಿ ಸರ್ಕಾರದ ದುಡ್ಡು ಹಾಕೋಕಾಗಲ್ಲ. ಅಲ್ವಾ ಮೇಡಂ?"

"ನಿಯಮ ಹಾಗೇ ಇದೆ," ಅಂದಳು ಮಿಸ್ ಗಾಲ್ಟ್.

ವೆಟ್‌ಮೋರನಿಗೆ ಇದು ಮೊದಲೇ ಗೊತ್ತಿತ್ತು. ಆ ಸುಳ್ಳನ್ನು ಹೊತ್ತು ಗುಡ್ಡ ಹತ್ತಿದವಳು ನಾನೇ.

ನಮ್ಮ ಚರ್ಚಿನಲ್ಲಿ ಒಪ್ಪದ ಮಾತಿಗೆ ಕೂತು ತಲೆಯಾಡಿಸುವ ಪದ್ಧತಿಯಿಲ್ಲ. ಎದ್ದು ನಿಂತು ಎಲ್ಲರೆದುರು ಹೆಸರು ತೆಗೆಸಿಕೊಳ್ಳಬೇಕು. ಅತ್ತೆ ಮೇಜು ಹಿಡಿದು ಎದ್ದಳು.

"ನನ್ ಹೆಸ್ರು ತೆಗೀರಿ."

"ಅಮ್ಮಾ, ಕೂತ್ಕೊಳ್ಳಿ, ಮಾತಾಡೋಣ..." ಅಂದ ವೆಟ್‌ಮೋರ್.

"ತೆಗೀಯೋ ಸೂಳೆಮಗನೆ ಅಂದ್ರೆ."

ಮಿಸ್ ಗಾಲ್ಟ್ ಪೆನ್ನಿನ ಮುಚ್ಚಳ ಹಾಕಿದಳು. "ಹಾಗಾದ್ರೆ ನಿಮ್ಮ ಸಂಸ್ಥೆ ಅರ್ಹವಾಗಲ್ಲ ಮಿಸ್ಟರ್ ವೆಟ್‌ಮೋರ್. ಶುಕ್ರವಾರದೊಳಗೆ ಬೇರೆಯವರನ್ನ ತುಂಬಿದ್ರೆ ನೋಡಬಹುದು." ಮುದುಕಿ ಯಾಕೆ ಎದ್ದಳೆಂದು ಅವಳು ಕೇಳಲಿಲ್ಲ.

ವೆಟ್‌ಮೋರ್ ನನ್ನನ್ನು ಹೊರಗೆ ಎಳೆದುಕೊಂಡು ಬಂದ. "ಮುದುಕಿ ಹೋಗ್ಲಿ. ನಿನಗೊಬ್ಬಳು ತಂಗಿ ಇದಾಳಲ್ಲ? ಅವಳನ್ನ ಕರ್ಕೊಂಡ್ಬಾ. ಇಲ್ಲಾಂದ್ರೆ ಸೋಮವಾರದಿಂದ ನೀನೂ ಬರೋದು ಬೇಡ."

ಮನೆ ಬಾಡಿಗೆ ನೆನಪಾಯಿತು. ಆದರೂ ಬಾಯಿ ತಾನಾಗಿ ತೆರೆಯಿತು. "ನಂದೂ ತೆಗೀರಿ ಸಾರ್. ಕಕ್ಕಸು ಅರ್ಧ ತೊಳ್ದಿವ್ನಿ. ಇನ್ನರ್ಧ ನಿಮ್ ಸಲಹೆಗಾರ್ರು ತೊಳೀಲಿ."

ಬಸ್ಸು ಗುಡ್ಡದ ಬುಡದವರೆಗೆ ಮಾತ್ರ. ಅಲ್ಲಿಂದ ಅತ್ತೆಯೂ ನಾನೂ ನಡೆದೆವು. ಒಲೆಯೂ ಹೋಯಿತು, ನನ್ನ ಕೆಲಸವೂ ಹೋಯಿತು. ಅತ್ತೆ ಮನೆಯ ದಾರಿ ಹಿಡಿಯದೆ ಸೀದಾ ಭವನದ ಮುಂದೆ ಹೋಗಿ ನಿಂತಳು.

"ಚಾಕು ಅದೇನೇ?"

ನನ್ನ ಚೀಲದಲ್ಲಿ ನೆಲಕ್ಕಂಟಿದ ಚ್ಯೂಯಿಂಗ್ ಗಮ್ಮು ಕೆರೆಯುವ ಚೂರಿ ಇತ್ತು. ಅತ್ತೆ ಅದರಲ್ಲೇ ಕೆಂಪು ಪಟ್ಟಿ ಸೀಳಿದಳು.

ಒಲೆ ಹತ್ತಿಕೊಂಡಿತು. ವಾಸನೆ ಹಿಡಿದು ಹೆಂಗಸರು ಒಬ್ಬೊಬ್ಬರಾಗಿ ಬಂದರು, ಒಬ್ಬಳು ಹಿಟ್ಟು ತಂದಳು, ಇನ್ನೊಬ್ಬಳು ಉಪ್ಪುಮೀನು ತಂದಳು. ಯಾರೋ ಹೊಗೆ ನೋಡಿ ಫೋನು ಮಾಡಿರಬೇಕು, ಕತ್ತಲಾಗುವ ಮೊದಲೇ ಸರ್ಕಾರದ ಕಾರು ಗುಡ್ಡ ಹತ್ತಿತು. ಇಳಿದವನು ಬೇಸಿಗೆಯಲ್ಲಿ ಪಟ್ಟಿ ಅಂಟಿಸಿದ್ದ ಅದೇ ಇನ್ಸ್‌ಪೆಕ್ಟರ್.

"ಯಾರ್ ಕಿತ್ತಿದ್ದು ಇದನ್ನ? ಭಾರಿ ದಂಡ ಬೀಳತ್ತೆ." ಅವನು ದಂಡದ ಪುಸ್ತಕ ತೆಗೆದ. "ಜಾಗದ ಮಾಲೀಕರ ಹೆಸರು ಹೇಳಿ."

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡಳು. "ಏನಂದೆ?"

"ಮಾಲೀಕರು. ಜಾಗ ಯಾರದ್ದು ಅಂತ."

"ನಮ್ದು. ಬರ್ಕೊ. ಸ್ಟೋನಿ ರಿಜ್ ಹೆಂಗಸ್ರ ಸಂಘ, ಮಾಲೀಕ್ರು. ತಾರೀಕು ಹಾಕು, ಸಹಿ ಹಾಕು, ಸರ್ಕಾರದ್ ಮೊಹರು ಒತ್ತು. ದಂಡ ಎಷ್ಟಾದ್ರೂ ಆಗ್ಲಿ."

ಅವನು ಎರಡಕ್ಷರ ಬರೆದ. ಕೈ ನಿಂತಿತು. ತಲೆಯೆತ್ತಿ ನಮ್ಮೆಲ್ಲರ ಮುಖ ನೋಡಿದ.

"ಅಮ್ಮಾ, ಇದು... ಆಫೀಸಲ್ಲಿ ಒಂದ್ ಮಾತು ಕೇಳಿ ಬರ್ತೀನಿ."

"ದುಡ್ಡು ಕೇಳ್ದಾಗ ನಮ್ದಲ್ಲ ಅಂದ್ರಿ. ದಂಡಕ್ಕೆ ನಮ್ದು. ಆಯ್ತಪ್ಪಾ, ದಂಡನೇ ಕೊಡು. ಅದೇ ನಮ್ ಜಾಗದ್ ಕಾಗ್ದ. ಬರಿ."

ಅವನು ಬಾಗಿಲ ಕಡೆ ತಿರುಗಿದ. ಬಾಗಿಲ ತುಂಬ ಜನ ನಿಂತಿದ್ದರು. ಯಾರೂ ಅವನನ್ನು ಮುಟ್ಟಲಿಲ್ಲ, ಯಾರೂ ಜರುಗಲೂ ಇಲ್ಲ. ಬಾಣಲೆಯಲ್ಲಿ ವಡೆ ಸೀಯುತ್ತಿತ್ತು, ತಿರುವಿ ಹಾಕಲು ಯಾರಿಗೂ ನೆನಪಾಗಲಿಲ್ಲ. ಅತ್ತೆ ಒಂದು ಕುರ್ಚಿ ಎಳೆದು ಅವನ ಮುಂದಿಟ್ಟಳು.

"ಕುಂತ್ಕಂಡೇ ಬರಿ ಮಗಾ," ಅಂದಳು. "ನಾವೇನ್ ಇವತ್ತಿಂದ ಕಾಯ್ತಾ ಇರೋದಾ?"