ಹನ್ನೆರಡು ಡಿಗ್ರಿಯ ಹೊಲಿಗೆ

ತಮ್ಮನ ಊಟದ ಕೋಣೆಯ ಗೋಡೆಗೆ ಅಂಟಿಸಿದ್ದ ಆ ದೊಡ್ಡ ಹಾಳೆಯಲ್ಲಿ ಟೈಲರಕ್ಕ ತನ್ನ ಹೆಸರು ಹುಡುಕುತ್ತಾ ಹೋದಳು. ಅದು ಸಿಕ್ಕಿದ ಜಾಗ ನೋಡಿ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಮುರಿದು ಬಿತ್ತು. ಅವಳು ಅದನ್ನು ಚಮಚದಿಂದ ಎತ್ತಲೂ ಹೋಗಲಿಲ್ಲ.

ಹಾಳೆಯಲ್ಲಿ ಎರಡು ಪಟ್ಟಿಗಳಿದ್ದವು. ‘ನೀರಿಗೆ ಇಳಿಯುವವರು’ ಎಂಬುದರ ಕೆಳಗೆ ತಮ್ಮ, ತಮ್ಮನ ಹೆಂಡತಿ, ಅವರ ಗೆಳೆಯ ಐಸಪ್ಪ. ‘ದಡದಲ್ಲಿ ಇರುವವರು’ ಎಂಬುದರ ಕೆಳಗೆ ಒಬ್ಬಳೇ ಒಬ್ಬಳು. ಪಕ್ಕದಲ್ಲಿ ಆವರಣದೊಳಗೆ ‘ಫ್ಲಾಸ್ಕು, ಟವೆಲು, ಫೋಟೋ’ ಎಂದು ಬೇರೆ ಬರೆದಿತ್ತು.

ತಮ್ಮ ಶಾಲಾ ಬಸ್ಸಿನ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಏಳು ಹತ್ತಕ್ಕೆ ಈ ಗೇಟು, ಏಳು ಹದಿನಾಲ್ಕಕ್ಕೆ ಆ ತಿರುವು ಎಂದು ಬದುಕಿದವನು. ಅಂಥವನ ಕೈಗೆ ಪ್ರವಾಸ ಕೊಟ್ಟರೆ ಅದೂ ಬಸ್ಸಿನ ರೂಟೇ ಆಗುತ್ತದೆ. ಯಾವ ವಾರ ಎಷ್ಟು ಗಾಳಿ, ಯಾವ ಚೀಲದಲ್ಲಿ ಎಷ್ಟು ಕೆ.ಜಿ., ವಿಮಾನ ಇಳಿದ ಎಷ್ಟನೇ ನಿಮಿಷಕ್ಕೆ ಯಾರು ಶೌಚಾಲಯಕ್ಕೆ, ಎಲ್ಲವೂ ಆ ಹಾಳೆಯಲ್ಲಿತ್ತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಗಂಡನ ಇಂಥ ಹಾಳೆಗಳಿಗೆ ಅವಳು ಎಂದೋ ಕೈಮುಗಿದು ಸುಮ್ಮನಾಗಿದ್ದಳು.

ಈ ನಾಲ್ವರಿಗೂ ಹಿಡಿದಿದ್ದ ಹುಚ್ಚು ಕೈಟ್‌ಸರ್ಫಿಂಗ್. ಕಾಲಡಿಗೆ ಒಂದು ಹಲಗೆ, ಸೊಂಟಕ್ಕೆ ಬಿಗಿಯಾದ ಪಟ್ಟಿ, ತಲೆಯ ಮೇಲೆ ಒಂದು ಕೋಣೆಯಷ್ಟು ಅಗಲದ ಗಾಳಿಪಟ. ಗಾಳಿ ಎಳೆದಂತೆ ನೀರಿನ ಮೇಲೆ ಓಟ. ಊರ ಹೊರಗಿನ ಬೆಚ್ಚನೆಯ ಕಡಲಿನಲ್ಲಿ ಏಳು ವರ್ಷದಿಂದ ಭಾನುವಾರ ಬಂತೆಂದರೆ ಇದೇ ಕೆಲಸ. ಈ ವರ್ಷ ಪೆಸಿಫಿಕ್ ಸಾಗರದ ಒಂದು ದಡಕ್ಕೆ ಹೋಗೋಣ ಎಂದು ತಮ್ಮ ಮಾತು ಎತ್ತಿದ್ದ. ಅಲ್ಲಿ ಗಾಳಿ ಬೇಸಿಗೆಯಿಡೀ ಮಧ್ಯಾಹ್ನದ ಹೊತ್ತಿಗೆ ತಪ್ಪದೆ ಬರುತ್ತದಂತೆ. ಆದರೆ ನೀರು ಮಾತ್ರ ಹನ್ನೆರಡು ಡಿಗ್ರಿ.

ಟೈಲರಕ್ಕನಿಗೆ ಈಗ ಐವತ್ತೆಂಟು. ಪರದೆ, ಸೋಫಾ ಕವರು, ಪ್ಯಾಂಟಿನ ಅಂಚು ಹೊಲಿಯುವ ಅಂಗಡಿ ಅವಳದು. ತಮ್ಮನ ಹರಿದ ಗಾಳಿಪಟಕ್ಕೆ ತೇಪೆ ಹಾಕಿಕೊಡಲು ಹೋಗಿ, ತೇಪೆ ನಿಲ್ಲುತ್ತದೋ ಇಲ್ಲವೋ ನೋಡೇಬಿಡೋಣ ಎಂದು ಐವತ್ತೊಂದನೇ ವಯಸ್ಸಿನಲ್ಲಿ ನೀರಿಗಿಳಿದವಳು. ಮೊದಲ ದಿನ ಕುಡಿದ ಉಪ್ಪುನೀರಿಗೆ ಲೆಕ್ಕವಿಲ್ಲ. ಎರಡನೇ ತಿಂಗಳು ಹಲಗೆಯ ಮೇಲೆ ಎದ್ದು ನಿಂತಾಗ ಅವಳು ಹಾಕಿದ ಕೂಗಿಗೆ ದಡದಲ್ಲಿ ಮಲಗಿದ್ದ ನಾಯಿಗಳು ಎದ್ದು ಓಡಿದ್ದವು. ಅಂದಿನಿಂದ ಅವಳ ವಾರ ಭಾನುವಾರದಿಂದಲೇ ಶುರುವಾಗುತ್ತಿತ್ತು.

“ಇದೇನೋ ಇದು?” ಎಂದಳು ಹಾಳೆಗೆ ಬೆರಳು ತೋರಿಸಿ.

“ಅಕ್ಕಾ, ಬೇಜಾರು ಮಾಡ್ಕೋಬೇಡ,” ಎಂದ ತಮ್ಮ, ಕಣ್ಣು ತಪ್ಪಿಸಿ. “ಫ್ಯಾನ್ ಹಾಕಿದ್ರೆ ಸ್ವೆಟರ್ ಹುಡುಕೋಳು ನೀನು. ಹೋದ ಚಳಿಗಾಲದಲ್ಲಿ ನಿನ್ನ ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿತ್ತಲ್ಲ, ಮರೆತ್ಯಾ? ಆವತ್ತು ನನ್ನ ಜೀವ ಬಾಯಿಗೆ ಬಂದಿತ್ತು.”

“ಅದಕ್ಕೆ ಅಷ್ಟು ದೂರ ಕರ್ಕೊಂಡು ಹೋಗಿ ಟವೆಲ್ ಕಾಯೋಕೆ ಕೂರಿಸ್ತೀಯಾ?”

“ಅತ್ತಿಗೆ, ದಪ್ಪ ರಬ್ಬರ್ ಸೂಟ್ ಮೈಗೆ ಸರಿಯಾಗಿ ಕೂತ್ರೆ ಚಳಿ ಅಷ್ಟಾಗಿ ಆಗಲ್ಲ,” ಎಂದಳು ತಮ್ಮನ ಹೆಂಡತಿ. “ಆದ್ರೆ ನಿಮ್ಮ ಅಳತೆಗೆ ಸಿಗ್ಬೇಕಲ್ಲ.”

ಅದೇ ಕಷ್ಟ. ಟೈಲರಕ್ಕ ನಾಲ್ಕಡಿ ಹತ್ತಂಗುಲದ ಹೆಂಗಸು. ಹೆಂಗಸರ ಸೂಟು ಹಾಕಿದರೆ ತೋಳು ಬೆರಳ ತುದಿ ದಾಟಿ ನೇತಾಡುತ್ತಿತ್ತು. ಮಕ್ಕಳದು ಹಾಕಿದರೆ ಸೊಂಟದ ಹತ್ತಿರ ಬಂದು ಮುಷ್ಕರ ಹೂಡುತ್ತಿತ್ತು. ಸಡಿಲವಾದ ಸೂಟಿನೊಳಗೆ ತಣ್ಣೀರು ಬಂದು ಹೋಗಿ ಮಾಡುತ್ತಿದ್ದರೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೊನೆಗೆ ತಮ್ಮ ತನ್ನ ಶೈಲಿಯಲ್ಲೇ ಒಂದು ತೀರ್ಮಾನ ಕೊಟ್ಟ. ಆ ದಡದ ಕೈಟ್ ಶಾಲೆಯವರು ನೀರಿಗಿಳಿಯುವವರ ಪಟ್ಟಿಯನ್ನು ಇನ್ನು ಮೂರು ವಾರದೊಳಗೆ ಕಳಿಸಬೇಕೆಂದು ಹೇಳಿದ್ದರು. ಅಷ್ಟರಲ್ಲಿ ಹನ್ನೆರಡು ಡಿಗ್ರಿ ನೀರಿನಲ್ಲಿ ಇಪ್ಪತ್ತು ನಿಮಿಷ ಕೂತು ತೋರಿಸಿದರೆ ಅಕ್ಕನ ಹೆಸರು ಆ ಕಡೆಯಿಂದ ಈ ಕಡೆಗೆ. ಇಲ್ಲದಿದ್ದರೆ ಫ್ಲಾಸ್ಕು.

“ನೀರು ನಾನು ಕೊಡ್ತೀನಿ ಬಿಡಿ,” ಎಂದ ಐಸಪ್ಪ. ಮೀನು ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿದ್ದ ಅವನಿಗೆ ಆ ಹೆಸರು ಯಾರಿಟ್ಟರೋ, ಈಗ ಅವನ ಸ್ವಂತ ಅಮ್ಮನೂ ಹಾಗೇ ಕರೆಯುತ್ತಿದ್ದಳು. ಬಾಗಿಲಗಲದ ಮೈ. ಚಳಿ ಎಂದರೇನೆಂದು ಅವನಿಗೆ ಯಾರೂ ತಿಳಿಸಿ ಹೇಳಿರಲಿಲ್ಲ.

ಟೈಲರಕ್ಕ ಮರುದಿನವೇ ಕೆಲಸಕ್ಕೆ ಕೂತಳು. ಮುಳುಗುಗಾರನೊಬ್ಬ ಬಿಟ್ಟುಕೊಟ್ಟ ದೊಡ್ಡ ಸೂಟೊಂದನ್ನು ಐಸಪ್ಪ ತಂದುಕೊಟ್ಟಿದ್ದ. ಐದು ಮಿಲಿಮೀಟರ್ ದಪ್ಪದ, ಸ್ಪಂಜಿನಂಥ ಕಪ್ಪು ರಬ್ಬರ್ ಬಟ್ಟೆ. ಅವಳು ಅದನ್ನು ಮೇಜಿನ ಮೇಲೆ ಹರಡಿ, ತನ್ನ ಅಳತೆಯನ್ನು ತಾನೇ ಕನ್ನಡಿ ಮುಂದೆ ನಿಂತು ತೆಗೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಆಡಿಸಿದಳು. ಪರದೆಯ ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತರೆ “ಮುಂದಿನ ವಾರ” ಎಂದು ತಲೆ ಎತ್ತದೆ ಹೇಳಿದಳು. ದಪ್ಪ ಸೂಜಿ, ನೈಲಾನ್ ದಾರ, ಮೇಲೊಂದು ಸಾಲು, ಪಕ್ಕದಲ್ಲಿ ಇನ್ನೊಂದು ಸಾಲು. ಅಂಗುಲಕ್ಕೆ ಹದಿನಾಲ್ಕು ಹೊಲಿಗೆ. ಸಾಮಾನ್ಯ ಟೈಲರುಗಳು ಎಂಟು ಹಾಕಿ ಕೈತೊಳೆದುಕೊಳ್ಳುವ ಕಡೆ ಹದಿನಾಲ್ಕು! ಉಳಿದ ಚೂರುಗಳಲ್ಲಿ ಒಂದು ಜೊತೆ ಕೈಗವಸನ್ನೂ ಹಾಗೇ ಹೊಲಿದಳು. ಹಾಕಿಕೊಂಡು ನೋಡಿದರೆ ಎರಡನೇ ಚರ್ಮದಂತೆ ಕೂತಿತ್ತು. ಕನ್ನಡಿಯಲ್ಲಿದ್ದ ಆ ಪುಟ್ಟ ಕಪ್ಪು ಹೆಂಗಸಿಗೆ ಅವಳು ಒಂದು ಸಲಾಮು ಹೊಡೆದಳು.

ಭಾನುವಾರ ಬೆಳಿಗ್ಗೆ ಐಸ್ ಫ್ಯಾಕ್ಟರಿಯ ಹಿಂದಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಮೀನು ತೊಳೆಯುವ ದೊಡ್ಡ ತೊಟ್ಟಿಗೆ ನೀರು ತುಂಬಿಸಿ, ಐಸಪ್ಪ ಸಲಿಕೆಯಲ್ಲಿ ಐಸು ಸುರಿದು ಕಲಕುತ್ತಿದ್ದ. ತಮ್ಮನ ಹೆಂಡತಿ ಥರ್ಮಾಮೀಟರ್ ಹಿಡಿದಿದ್ದಳು. ತಮ್ಮನ ಕೊರಳಲ್ಲಿ ಸೀಟಿ ಬೇರೆ!

ಟೈಲರಕ್ಕ ಮಹಾರಾಣಿಯ ಗತ್ತಿನಲ್ಲಿ ಮೆಟ್ಟಿಲು ಹತ್ತಿ ತೊಟ್ಟಿಯೊಳಗೆ ಕುತ್ತಿಗೆಮಟ್ಟ ಕೂತಳು. ಮೊದಲ ನಿಮಿಷ ಮುಗುಳ್ನಕ್ಕಳು. ಎರಡನೇ ನಿಮಿಷಕ್ಕೆ ಹುಬ್ಬು ಗಂಟಾಯಿತು. ಬೆನ್ನಿನ ಉದ್ದಕ್ಕೂ, ಕಂಕುಳಲ್ಲಿ, ತೊಡೆಯ ಒಳಗೆ, ಹೊಲಿಗೆ ಇದ್ದಲ್ಲೆಲ್ಲಾ ತಣ್ಣನೆಯ ಎಳೆಗಳು ಒಳಗೆ ಹರಿಯತೊಡಗಿದವು. ಮೂರನೇ ನಿಮಿಷಕ್ಕೆ ಹಲ್ಲು ಕಟಕಟ ಎಂದವು. ನಾಲ್ಕನೇ ನಿಮಿಷಕ್ಕೆ ಐಸಪ್ಪ ಅವಳನ್ನು ಎರಡೂ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದಾಗ ಎರಡು ಕಾಲುಗಳಿಂದಲೂ ನಲ್ಲಿ ಬಿಟ್ಟಂತೆ ನೀರು ಸುರಿಯಿತು.

“ಅಕ್ಕ, ಸೂಟ್ ಹೊಲಿದ್ಯೋ ಜರಡಿ ಹೊಲಿದ್ಯೋ?” ಎಂದು ಐಸಪ್ಪ ಕೇಳಿದ. ಅವಳಿಗೂ ನಗು ತಡೆಯಲಾಗಲಿಲ್ಲ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ತಮ್ಮ ಅವಳ ಬಿಳಿಚಿದ ಬೆರಳುಗಳನ್ನು ತನ್ನ ಎರಡು ಅಂಗೈಗಳ ನಡುವೆ ಉಜ್ಜುತ್ತಾ ನಗು ನಿಲ್ಲಿಸಿಬಿಟ್ಟ. “ಬೇಡ ಅಕ್ಕ,” ಎಂದ ಮೆಲ್ಲಗೆ. “ದಡದಲ್ಲೂ ಚೆನ್ನಾಗೇ ಇರುತ್ತೆ.” ಬರುವಾಗಲೇ ಒಂದು ಕೆಂಪು ಫ್ಲಾಸ್ಕನ್ನು ಕೊಂಡು ತಂದಿದ್ದ. ಅದನ್ನು ಅವಳ ಮಡಿಲಲ್ಲಿಟ್ಟ.

ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಟೈಲರಕ್ಕ ಚೆನ್ನಾಗಿ ಅತ್ತಳು. ಸೂಟು ಕೆಟ್ಟಿತೆಂದಲ್ಲ. ಆ ಮೂವರು ನೀರಿನ ಮೇಲೆ ಹಾರುವುದನ್ನು ಟವೆಲಿನ ಗುಡ್ಡೆ ಪಕ್ಕ ಕೂತು ನೋಡಬೇಕಲ್ಲ ಎಂದು. ಇನ್ನು ಐದು ವರ್ಷಕ್ಕೆ ಮಂಡಿ ಮಾತು ಕೇಳುತ್ತದೋ ಇಲ್ಲವೋ ಯಾರಿಗೆ ಗೊತ್ತು? ಆಮೇಲೆ ಮೂಗು ಒರೆಸಿಕೊಂಡು ಎದ್ದು, ಸೂಟಿನ ಒಂದು ತೋಳಿನ ತುದಿಯನ್ನು ಹಗ್ಗದಿಂದ ಕಟ್ಟಿ, ಒಳಗೆ ನೀರು ತುಂಬಿಸಿ ಮೊಳೆಗೆ ನೇತುಹಾಕಿ ಸ್ಟೂಲೆಳೆದು ಎದುರು ಕೂತಳು. ತಪ್ಪು ಮಾಡಿದ ಬಟ್ಟೆಯನ್ನು ಅವಳು ಹೀಗೇ ಎದುರಿಗಿಟ್ಟು ವಿಚಾರಿಸುತ್ತಿದ್ದದ್ದು.

ತೋಳು ಬಾಯಿಬಿಟ್ಟಿತು. ಬಟ್ಟೆಯಲ್ಲಿ ಎಲ್ಲೂ ಸೋರಿಕೆ ಇಲ್ಲ. ಸೂಜಿ ಹೊಕ್ಕ ಒಂದೊಂದು ತೂತಿನಿಂದಲೂ ಒಂದೊಂದು ಹನಿ ಇಣುಕುತ್ತಿತ್ತು. ಎಂಥ ಅಚ್ಚುಕಟ್ಟಾದ ಸಾಲು! ಅಂಗುಲಕ್ಕೆ ಹದಿನಾಲ್ಕು, ಎರಡು ಸಾಲಿಗೆ ಇಪ್ಪತ್ತೆಂಟು. ಕೆಲಸಗಳ್ಳ ಟೈಲರು ಹೊಲಿದಿದ್ದರೆ ಇದರ ಅರ್ಧದಷ್ಟೂ ನೀರು ಬರುತ್ತಿರಲಿಲ್ಲ! ನಲವತ್ತು ವರ್ಷ ಯಾವುದರ ಮೇಲೆ ಹೆಮ್ಮೆಪಟ್ಟಿದ್ದಳೋ ಅದೇ ಅವಳನ್ನು ಮುಳುಗಿಸಿತ್ತು. ಟೈಲರಕ್ಕ ಹಣೆ ಚಚ್ಚಿಕೊಂಡು, ಒಬ್ಬಳೇ ಕೂತು ಮತ್ತೆ ನಕ್ಕಳು.

ತೂತೇ ಬೀಳಬಾರದು ಎಂದರೆ ಹೊಲಿಯುವುದಾದರೂ ಹೇಗೆ? ಎದುರಿಗೆ ಗಿರಾಕಿಯೊಬ್ಬರ ಪ್ಯಾಂಟು ಅಂಚು ಮಡಿಸುವುದಕ್ಕೆ ಕಾದು ಬಿದ್ದಿತ್ತು. ಅಂಚು ಹೊಲಿಯುವುದೆಂದರೆ ಅವಳಿಗೆ ಬೇಸರದ ಕೆಲಸ. ಅಂಗಡಿಗೆ ಬಂದ ಮೊದಲ ವಾರ ಅಮ್ಮ ಕಲಿಸಿದ್ದು ಅದನ್ನೇ. ‘ಸೂಜಿ ಬಟ್ಟೆಯ ಅರ್ಧಕ್ಕೆ ಹೋಗಿ ವಾಪಸ್ ಬರ್ಬೇಕು. ಆಚೆ ಕಡೆಗೆ ಗೊತ್ತೇ ಆಗ್ಬಾರ್ದು,’ ಎಂದು ಹೇಳಿ, ಇವಳು ತಪ್ಪಿದಾಗಲೆಲ್ಲ ಅಮ್ಮ ಬಿಚ್ಚಿಸುತ್ತಿದ್ದಳು. ಟೈಲರಕ್ಕ ಪ್ಯಾಂಟು ನೋಡಿದಳು, ತೋಳು ನೋಡಿದಳು. ಆಚೆ ಕಡೆಗೆ ಗೊತ್ತೇ ಆಗಬಾರದು. ಐದು ಮಿಲಿಮೀಟರ್ ದಪ್ಪವಿದ್ದಾಗ ಅರ್ಧಕ್ಕೆ ಹೋಗಿ ಬರಲು ಜಾಗಕ್ಕೇನು ಬರ!

ಕಿಟಾರನೆ ಕಿರುಚಿ ಎದ್ದವಳು ಪಕ್ಕದ ಶೂ ರಿಪೇರಿಯವನ ಹತ್ತಿರ ಓಡಿ ಒಂದು ಡಬ್ಬಿ ಅಂಟು ತಂದಳು.

ಹೊಲಿದದ್ದನ್ನೆಲ್ಲ ಬಿಚ್ಚುವುದಕ್ಕೇ ನಾಲ್ಕು ದಿನ ಹಿಡಿಯಿತು. ಹಳೆಯ ತೂತುಗಳಿದ್ದ ಅಂಚನ್ನು ಕತ್ತರಿಸಿ ಎಸೆದಳು. ಒಂದೊಂದು ಜೋಡಣೆಗೆ ಕಾಲಂಗುಲ ಕಡಿಮೆಯಾದದ್ದಕ್ಕೆ ಪಕ್ಕೆಗಳಲ್ಲಿ ಪಟ್ಟಿ ಸೇರಿಸಿದಳು. ತುಂಡಿಗೆ ತುಂಡು ಮುಖಾಮುಖಿ ಅಂಟಿಸಿ, ಒಣಗಲು ಬಿಟ್ಟು, ಮೇಲೆ ಬಾಗಿದ ಸೂಜಿಯಿಂದ ಕೈಯಲ್ಲೇ ಅಂಚು ಹೊಲಿಗೆ. ಅರ್ಧಕ್ಕೆ ಹೋಗು, ವಾಪಸ್ ಬಾ. ಮಿಷಿನ್ನು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿತ್ತು. ಒಂದೊಂದು ತುಂಡು ಮುಗಿದಾಗಲೂ ನೀರು ತುಂಬಿ ನೇತುಹಾಕುತ್ತಿದ್ದಳು. ಒಂದು ಕೈಗವಸು ಹೆಬ್ಬೆರಳ ಹತ್ತಿರ ಒಂದೇ ಒಂದು ಹನಿ ಸೋರಿತು. ಅದನ್ನೂ ಬಿಚ್ಚಿದಳು.

ಕೊನೆಯ ಭಾನುವಾರ ಮತ್ತೆ ಅದೇ ಅಂಗಳ, ಅದೇ ತೊಟ್ಟಿ. ತಮ್ಮ ಬರುವ ಮನಸ್ಸೇ ಇಲ್ಲದವನಂತೆ ಬಂದ. ಆದರೆ ಮೈಮೇಲೆ ಪ್ರವಾಸಕ್ಕೆಂದು ತರಿಸಿದ್ದ ತನ್ನ ಹೊಸ ಸೂಟು ಮಿರಿಮಿರಿ ಮಿಂಚುತ್ತಿತ್ತು. ತೋರಿಸಿಕೊಳ್ಳದೆ ಇರಲು ಅವನಿಂದಾಗಿರಲಿಲ್ಲ.

“ಹಾಕ್ಕೊಂಡೇ ಬಂದಿದೀಯಲ್ಲ,” ಎಂದ ಐಸಪ್ಪ ಸಲಿಕೆ ಊರಿ. “ಅಕ್ಕನ ಜೊತೆ ನೀನೂ ಕೂತ್ಕೋ. ರೂಲು ಬರೆದೋನಿಗೂ ರೂಲು ಇದೆ ತಾನೆ?”

“ನನಗೆ ಯಾಕೆ? ನಾನು ಆಗ್ಲೇ ನೀರಿನ ಪಟ್ಟಿಲಿದೀನಿ.”

“ಹೆದ್ರಿಕೆನಾ?” ಎಂದಳು ಅವನ ಹೆಂಡತಿ ಥರ್ಮಾಮೀಟರ್ ಒರೆಸುತ್ತಾ.

ಅಷ್ಟು ಸಾಕಾಯಿತು. ಅಕ್ಕ ತಮ್ಮ ಎದುರುಬದುರು ತೊಟ್ಟಿಯಲ್ಲಿ ಕೂತರು. ತೆಳ್ಳನೆಯ ಉದ್ದನೆಯ ಆಳು ತಮ್ಮ. ಆ ರೆಡಿಮೇಡ್ ಸೂಟು ಅವನ ಕುತ್ತಿಗೆಯ ಸುತ್ತ ಬಾವಿಕಟ್ಟೆಯ ಹಾಗೆ ಬಾಯಿ ತೆರೆದುಕೊಂಡಿತ್ತು. ಐದನೇ ನಿಮಿಷಕ್ಕೆ ಅವನ ಬಾಯಲ್ಲಿದ್ದ ಸೀಟಿ ತಾನಾಗಿಯೇ ಪೀಪೀ ಎನ್ನತೊಡಗಿತು. ಏಳನೇ ನಿಮಿಷಕ್ಕೆ ಅವನು ಕಪ್ಪೆಯಂತೆ ಹೊರಗೆ ನೆಗೆದ. ಹೆಂಡತಿ ಟವೆಲು ಸುತ್ತುತ್ತಾ ನಗುವುದೋ ಆರೈಕೆ ಮಾಡುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಟೈಲರಕ್ಕ ಕದಲಲಿಲ್ಲ. ಹತ್ತು ನಿಮಿಷ ಆಯಿತು. ಹದಿನೈದಾಯಿತು. ಮೂಗಿನ ತುದಿ ಮಾತ್ರ ಚುರುಗುಟ್ಟುತ್ತಿತ್ತು. ಸೂಟಿನೊಳಗೆ ಅವಳದೇ ಬಿಸಿ ಅವಳ ಜೊತೆಗೇ ಇತ್ತು. ಇಪ್ಪತ್ತಾದಾಗ ಐಸಪ್ಪ ಸಲಿಕೆಯನ್ನು ನೆಲಕ್ಕೆ ಕುಟ್ಟಿ ಕೇಕೆ ಹಾಕಿದ. ಅವಳು ಬೇಕೆಂದೇ ಇನ್ನೈದು ನಿಮಿಷ ಕೂತಳು. ಖುಷಿಯನ್ನು ಅಷ್ಟು ಬೇಗ ಮುಗಿಸಲು ಅವಳಿಗೆ ಇಷ್ಟವಿರಲಿಲ್ಲ.

ಹೊರಬಂದು ಕೈಗವಸು ಕಳಚಿ, ಚೀಲದಿಂದ ಕೆಂಪು ಫ್ಲಾಸ್ಕು ತೆಗೆದಳು. ಬೆಳಿಗ್ಗೆಯೇ ಟೀ ತುಂಬಿಸಿ ತಂದಿದ್ದಳು. ಮುಚ್ಚಳಕ್ಕೆ ಬಗ್ಗಿಸಿ, ಗಡಗಡ ನಡುಗುತ್ತಿದ್ದ ತಮ್ಮನ ಕೈಗೆ ಕೊಡಲು ಹೋದಳು. ಅವನ ಬೆರಳು ಹಿಡಿಯಲಾರದೆ ಹೋದಾಗ ಅವಳೇ ಅವನ ಕೈಗಳ ಸುತ್ತ ತನ್ನ ಕೈಯಿಟ್ಟು ಮುಚ್ಚಳವನ್ನು ಅವನ ಬಾಯಿಗೆ ಹಿಡಿದಳು. ಒಂದು ಗುಟುಕು ಕುಡಿದವನು ಥಟ್ಟನೆ ನಿಲ್ಲಿಸಿದ. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಹತ್ತೂ ಕೆಂಪಗೆ, ಬೆಚ್ಚಗಿದ್ದವು.

“ನಿನ್ನ ಕೈ ಬಿಸಿ ಇದೆಯಲ್ಲೇ ಅಕ್ಕ,” ಎಂದ. ಅವನ ಕಣ್ಣು ತುಂಬಿಬಂದಿತ್ತು.

“ಹೂಂ ಕಣೋ. ನಿನ್ನದು ಸುಣ್ಣದ ಹಾಗಿದೆ.”

ಮನೆಗೆ ಹೋದವನೇ ತಮ್ಮ ಸ್ವೆಟರು ಕೂಡ ಹಾಕಿಕೊಳ್ಳದೆ ಗೋಡೆಯ ಹಾಳೆಯ ಮುಂದೆ ನಿಂತ. ಅಕ್ಕನ ಹೆಸರನ್ನು ದಡದಿಂದ ಹೊಡೆದುಹಾಕಿ ನೀರಿನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬರೆದ. ಆಮೇಲೆ ನಿಯಮ ಎಂದರೆ ನಿಯಮ ಎಂಬಂತೆ, ತನ್ನ ಹೆಸರನ್ನು ಹೊಡೆದು ಫ್ಲಾಸ್ಕು, ಟವೆಲು, ಫೋಟೋ ಇದ್ದ ಕಡೆ ಬರೆಯಲು ಹೊರಟ. ಕೈ ಇನ್ನೂ ನಡುಗುತ್ತಿದ್ದುದರಿಂದ ಅಕ್ಷರ ಸೊಟ್ಟಗಾಗುತ್ತಿತ್ತು.

ಹಿಂದೆಯೇ ಬಂದಿದ್ದ ಟೈಲರಕ್ಕ ಪೆನ್ನನ್ನು ಅವನ ಕೈಯಿಂದ ಕಿತ್ತುಕೊಂಡು ಕಿವಿಗೆ ಸಿಕ್ಕಿಸಿಕೊಂಡಳು. ಕೊರಳಲ್ಲಿದ್ದ ಅಳತೆ ಟೇಪನ್ನು ಎಳೆದಳು.

“ನೆಟ್ಟಗೆ ನಿಂತ್ಕೋ,” ಎಂದಳು. “ಕುತ್ತಿಗೆಯಿಂದ ಶುರು ಮಾಡ್ತೀನಿ.”